ಟೈರಿನ ಗಾಳಿ ಮತ್ತು ಅಮ್ಮನ ಸೊಂಟ

ಕೆಲವು ಗಂಡಸರಿಗೆ ಐವತ್ತು ದಾಟಿದ ಮೇಲೆ ತಮ್ಮ ಆರೋಗ್ಯದ ಬಗ್ಗೆ ಹುಟ್ಟಬೇಕಾದ ಕಾಳಜಿ ದಾರಿ ತಪ್ಪಿ ಕಾರಿನ ಮೇಲೆ ಹುಟ್ಟುತ್ತದೆ. ನಾನು ಆ ಪೈಕಿ. ನನ್ನ ಬಿಪಿ ಮಾತ್ರೆ ಮರೆತೇನು, ಕಾರಿನ ಇಂಜಿನ್ ಆಯಿಲ್ ಬದಲಿಸುವುದನ್ನು ಮರೆಯುವವನಲ್ಲ. ಏರ್ ಫಿಲ್ಟರ್ ಬಿಚ್ಚಿ ಜಗಲಿಕಟ್ಟೆಗೆ ಕುಟ್ಟಿ ಧೂಳು ಉದುರಿಸುತ್ತೇನೆ. ಡಿಕ್ಕಿಯಲ್ಲಿ ಒಂದು ಕೊಡೆ ಹೆಚ್ಚಿಗಿದ್ದರೂ ತೆಗೆದಿಡುತ್ತೇನೆ. "ನನ್ನನ್ನೂ ಇಳಿಸಿಬಿಡ್ರೀ, ಇನ್ನೂ ಮೈಲೇಜ್ ಬರುತ್ತೆ" ಎಂದು ಹೆಂಡತಿ ಒಮ್ಮೆ ಅಂದಾಗ ನಾನು ಉತ್ತರಿಸಲು ಸ್ವಲ್ಪ ತಡಮಾಡಿದ್ದು ಅವಳಿಗೆ ಇನ್ನೂ ನೆನಪಿದೆ.

ಇಂಥ ನನ್ನ ನೆಮ್ಮದಿಯನ್ನು ಒಂದು ಕಾಲದಲ್ಲಿ ಕೆಡಿಸಿದ್ದು ಟೈರಿನ ಗಾಳಿ. ಭಾನುವಾರ ಬಂತೆಂದರೆ ಅಮ್ಮನನ್ನು ಶಿಕಾರಿಪುರದಿಂದ ಆನವಟ್ಟಿಗೆ, ಅವಳ ಅಕ್ಕನ ಮನೆಗೆ ಕರೆದೊಯ್ಯಬೇಕು. ಉಳಿದ ದಿನಗಳನ್ನೆಲ್ಲ ಅಮ್ಮ ಆ ಭೇಟಿಯ ಆಸೆಯಲ್ಲೇ ಕಳೆಯುತ್ತಿದ್ದಳು. ಶನಿವಾರ ಸಂಜೆ ಗಾಳಿ ತುಂಬಿಸಿ ತಂದರೆ ಸೋಮವಾರಕ್ಕೆ ಎಲ್ಲ ಟೈರೂ ಮೆತ್ತಗೆ. ಗಾಳಿ ಕಡಿಮೆಯಾದರೆ ಮೈಲೇಜೂ ಇಳಿಯುತ್ತದೆ, ಟೈರಿನ ಅಂಚೂ ಸವೆಯುತ್ತದೆ. ಪಂಕ್ಚರ್ ಅಂಗಡಿಯ ಗಫೂರ್ ಟ್ಯೂಬುಗಳನ್ನು ನೀರಿನಲ್ಲಿ ಮುಳುಗಿಸಿ ನೋಡಿದರು. ಒಂದು ಗುಳ್ಳೆಯೂ ಏಳಲಿಲ್ಲ. "ಯಾರದೋ ದೃಷ್ಟಿ ತಾಗಿದೆ ಸಾರ್, ಒಂದು ನಿಂಬೆಹಣ್ಣು ಕಟ್ಟಿ ನೋಡಿ" ಎಂದರು. ಕಟ್ಟಿದೆ. ನಿಂಬೆಹಣ್ಣು ಒಣಗಿತು, ಗಾಳಿ ಇಳಿಯುತ್ತಲೇ ಇತ್ತು.

ಒಂದು ಭಾನುವಾರ ಬೆಳಿಗ್ಗೆ ಸ್ನಾನ ಮುಗಿಸಿ ಹೊರಬಂದರೆ, ಸೀರೆ ಉಟ್ಟು ಹೊರಡಲು ಸಿದ್ಧಳಾದ ಅಮ್ಮ ಹಿಂದಿನ ಚಕ್ರದ ಪಕ್ಕ ಮಣೆ ಹಾಕಿಕೊಂಡು ಕೂತಿದ್ದಾಳೆ. ತುರುಬಿನ ಪಿನ್ನಿನಿಂದ ವಾಲ್ವ್ ಒತ್ತುತ್ತಿದ್ದಾಳೆ. ಗಾಳಿ ಪುಸ್ಸೆನ್ನುತ್ತಿದೆ.

"ಅಮ್ಮಾ, ಏನ್ ಮಾಡ್ತಿದೀಯೇ?"

"ಕೂಗ್ಬೇಡ. ಚೂರು ಬಿಡ್ತಿದೀನಿ ಅಷ್ಟೆ. ನೀನು ಕಲ್ಲಿನ ಹಂಗೆ ಗಾಳಿ ತುಂಬಿಸ್ತೀಯ. ಶಿರಾಳಕೊಪ್ಪ ದಾಟೋದ್ರೊಳಗೆ ನನ್ನ ಸೊಂಟ ಬಿದ್ದುಹೋಗುತ್ತೆ."

"ಇದನ್ನ ಯಾರು ಹೇಳಿಕೊಟ್ರು ನಿಂಗೆ?"

"ನಿಮ್ಮಪ್ಪ. ನೀನು ಹೊಟ್ಟೇಲಿದ್ದಾಗ ಹಳ್ಳಿಯಿಂದ ಸೊರಬದ ಆಸ್ಪತ್ರೆಗೆ ಸೈಕಲ್ ಮೇಲೆ ಕರ್ಕೊಂಡು ಹೋಗ್ತಿದ್ರು. ನಾನು ಹತ್ತೋ ಮೊದಲು ಹಿಂದಿನ ಚಕ್ರದ ಗಾಳಿ ಚೂರು ಬಿಡೋರು. ಗುಂಡಿ ಬಂದ್ರೂ ನಂಗೆ ಗೊತ್ತಾಗ್ತಿರಲಿಲ್ಲ. ಅವರಿಗೆ ತುಳಿಯೋದು ಎಷ್ಟು ಕಷ್ಟ ಆಗ್ತಿತ್ತೋ ಏನೋ, ಒಂದಿನಾನೂ ಬಾಯಿಬಿಟ್ಟು ಹೇಳಲಿಲ್ಲ."

ನಾನು ಕಂಡ ಅಪ್ಪ ಮಹಾ ಸಿಡುಕ. ಅಮ್ಮನ ಜೊತೆ ನಗುತ್ತ ನಾಲ್ಕು ಮಾತಾಡಿದ್ದನ್ನೂ ನಾನು ನೋಡಿದವನಲ್ಲ. ಮೆತ್ತಗಾದ ಚಕ್ರದ ಸೈಕಲ್ಲನ್ನು ಏದುಸಿರು ಬಿಡುತ್ತ ತುಳಿಯುವ ಅಪ್ಪನನ್ನು ಅವತ್ತು ಮೊದಲ ಸಲ ಕಂಡಂತಾಯಿತು. ಮೈಲೇಜಿನ ಮೇಲೆ ಮಾಡಬೇಕೆಂದಿದ್ದ ಭಾಷಣ ಅಲ್ಲೇ ಉಳಿಯಿತು. ಮುಂದಿನ ಭಾನುವಾರದಿಂದ ಪಿನ್ನು ಹಿಡಿದು ಕೂರುವ ಕೆಲಸ ನನ್ನದಾಯಿತು. "ಇನ್ನೊಂಚೂರು ಬಿಡೋ, ಜಿಪುಣ" ಎಂದು ಅಮ್ಮ ಮೆಟ್ಟಿಲ ಮೇಲೆ ನಿಂತು ಮೇಲ್ವಿಚಾರಣೆ ಮಾಡುತ್ತಿದ್ದಳು.

ಅಮ್ಮ ಹೋದಳು. ಈಗ ತುಂಬಿಸಿದ ಗಾಳಿ ವಾರಗಟ್ಟಲೆ ಹಾಗೇ ನಿಲ್ಲುತ್ತದೆ. ಮೈಲೇಜು ನಾನು ಬಯಸಿದ್ದಕ್ಕಿಂತ ಚೆನ್ನಾಗಿದೆ. ಕಾರು ಇನ್ನೂ ಬಹಳ ವರ್ಷ ಬಾಳುತ್ತದೆ ಎಂದು ಗಫೂರ್ ಹೊಗಳುತ್ತಾರೆ. ಆದರೂ ಸೋಮವಾರ ಬೆಳಿಗ್ಗೆ ಗೇಜು ಹಿಡಿದು ಒಂದೊಂದೇ ಚಕ್ರ ನೋಡುತ್ತೇನೆ, ಎಲ್ಲಾದರೂ ಒಂಚೂರು ಇಳಿದಿರಬಹುದೇ ಎಂದು. ಇಳಿದಿರುವುದಿಲ್ಲ. ಇಷ್ಟು ಒಳ್ಳೆಯ ಮೈಲೇಜು ಕೊಡುವ ಕಾರಿನ ಮೇಲೆ ಸಿಟ್ಟು ಮಾಡಿಕೊಂಡು ಒಳಗೆ ಹೋಗುವವನು ಇಡೀ ತಾಲ್ಲೂಕಿನಲ್ಲಿ ನಾನೊಬ್ಬನೇ ಇರಬೇಕು.