ಬೀಗರೂಟಕ್ಕೊಂದು ಪ್ರಾಕ್ಸಿ

ಹೆಂಡತಿ ನಲವತ್ತೊಂದನೇ ವಯಸ್ಸಿಗೆ ಬಿ.ಎ. ಸೇರಿದರೆ ಗಂಡನಿಗೂ ಒಂದು ಸಿಲಬಸ್ ಇರುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ.

ಮದುವೆಯಾದಾಗ ಲತಾ ಪಿಯುಸಿ ಮುಗಿಸಿದ್ದಳು. ಮುಂದಕ್ಕೆ ಓದಿಸುತ್ತೇನೆ ಎಂದು ನಾನು ಮಾತು ಕೊಟ್ಟಿದ್ದೆ. (ಮದುವೆ ಮಾತುಕತೆಯಲ್ಲಿ ಗಂಡಿನ ಕಡೆಯವರು ಏನೇನೋ ಹೇಳುತ್ತಾರೆ, ಯಾರೂ ನೆನಪಿಟ್ಟುಕೊಳ್ಳುವುದಿಲ್ಲ. ಇವಳು ಇಟ್ಟುಕೊಂಡಿದ್ದಳು.) ಇಪ್ಪತ್ತು ವರ್ಷ ಕಾದು, ಹೋದ ವರ್ಷ ವಿಜಯನಗರದ ಒಂದು ಕಾಲೇಜಿಗೆ ಸೇರಿಯೇಬಿಟ್ಟಳು. ಅಂದಿನಿಂದ ಮಾರೇನಹಳ್ಳಿಯ ನಮ್ಮ ಮನೆಯ ಭಾಷೆಯೇ ಬದಲಾಯಿತು.

"ರೀ, ನಾಳೆ ಇಂಟರ್ನಲ್ಸು, ಉಪ್ಪಿಟ್ಟು ನೀವೇ ಮಾಡ್ಕೊಳ್ಳಿ."

"ರೀ, ಇವತ್ತು ಸಬ್‌ಮಿಷನ್ನು, ಬಟ್ಟೆ ಒಣಗಾಕಿ."

ಚಂದ್ರಾ ಲೇಔಟ್‌ನಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿರುವ ನನಗೆ ಮೊಳೆ, ಬೋಲ್ಟು, ಚಿಲಕ ಬಿಟ್ಟರೆ ಬೇರೆ ವಿದ್ಯೆ ಇಲ್ಲ. ಕೊನೆಗೆ ಅವಳ ಕ್ಲಾಸಿನ ರಕ್ಷಾ ಎಂಬ ಹತ್ತೊಂಬತ್ತರ ಹುಡುಗಿ ನನಗೆ ಗುರುವಾದಳು. ನೋಟ್ಸ್ ಕೊಡಲು ಬಂದಾಗಲೆಲ್ಲ ಒಂದೆರಡು ಪದ ಹೇಳಿಕೊಡುತ್ತಿದ್ದಳು.

"ಅಂಕಲ್, ಇಂಟರ್ನಲ್ಸ್ ಅಂದ್ರೆ ಕಾಲೇಜಲ್ಲೇ ಮಾಡೋ ಟೆಸ್ಟು. ಹೋಗದಿದ್ರೆ ಮಾರ್ಕ್ಸ್ ಹೋಯ್ತು. ಫೇಲಾಗಿ ಉಳ್ಕೊಂಡ ಪೇಪರು ಬ್ಯಾಕ್‌ಲಾಗ್. ಬರದೇ ಇರೋರ ಬದಲು ಇನ್ಯಾರಾದ್ರೂ ಪ್ರೆಸೆಂಟ್ ಅಂದ್ರೆ ಅದು ಪ್ರಾಕ್ಸಿ."

ಈ ಕೊನೆಯ ಪದ ನನಗೆ ಬಹಳ ಹಿಡಿಸಿತು. ಇಂಥ ಮಹಾ ತತ್ವ ಬರೀ ಕಾಲೇಜಿನಲ್ಲಿ ಕೊಳೆಯುತ್ತಿದೆಯಲ್ಲ ಎಂದು ಮರುಗಿದೆ.

ಅಷ್ಟರಲ್ಲಿ ತಂಗಿ ಅನುವಿನ ಮಗಳು ಕವನಾಳ ಬೀಗರೂಟ ಬಂತು. ಅದೇ ಬುಧವಾರ ಹನ್ನೊಂದಕ್ಕೆ ಲತಾಳ ಇಂಟರ್ನಲ್ಸ್. ನಮ್ಮ ಕಡೆ ಗಂಡಿನ ಮನೆಯ ಹೆಂಗಸರನ್ನು ಎಲೆ ಮುಂದೆ ಕೂರಿಸಿ, "ಇನ್ನೊಂದು ತುಂಡು, ನನ್ನಾಣೆ" ಎಂದು ಬಲವಂತ ಮಾಡಬೇಕಾದವಳು ಹುಡುಗಿಯ ಸೋದರತ್ತೆ. ಅಂದರೆ ಸೋದರಮಾವನಾದ ನನ್ನ ಹೆಂಡತಿ. ಆ ಬಲವಂತದಲ್ಲಿ ಎಳ್ಳಷ್ಟು ಕಮ್ಮಿಯಾದರೂ ಬೀಗರು ಮುನಿಸಿಕೊಂಡು ಕೈತೊಳೆದುಬಿಡುತ್ತಾರೆ.

ನಮ್ಮಮ್ಮ ಮುನಿತಾಯಮ್ಮ ಬೇರೆ "ಈ ವಯಸ್ಸಲ್ಲಿ ಕಾಲೇಜಂತೆ" ಎಂದು ವರ್ಷದಿಂದ ಗೊಣಗುತ್ತಿದ್ದಳು. ಸೊಸೆಯ ಟೆಸ್ಟಿನಿಂದ ಬೀಗರು ಮುನಿದರೆ ಅವಳ ಓದಿಗೆ ಅಮ್ಮ ಅಂದೇ ಮಂಗಳ ಹಾಡಿಸುತ್ತಾಳೆ ಎಂದು ನನಗೆ ನಡುಕ. ಐದಕ್ಕೇ ಎದ್ದು, ಕುಕ್ಕರ್ ಕೂಗುವ ಮಧ್ಯೆ ಇತಿಹಾಸ ಬಾಯಿಪಾಠ ಮಾಡುವ ಲತಾಳನ್ನು ನೋಡಿದರೆ ನನಗೆ ಹೆಮ್ಮೆ. (ಅವಳೆದುರು ಹೇಳಿಲ್ಲ.) ಏನೇ ಆದರೂ ಅದು ನಿಲ್ಲಬಾರದು.

"ಅತ್ತೆಗೆ ಇದ್ದಿದ್ದು ಇದ್ದಂಗೆ ಹೇಳ್ಬಿಡೋಣ ಕಣ್ರೀ," ಎಂದಳು ಲತಾ.

"ನಮ್ಮಮ್ಮನ ವಿಷಯ ನಿಂಗೊತ್ತಿಲ್ಲ. ನೀನು ಹೋಗಿ ಬರಿ. ಛತ್ರದಲ್ಲಿ ನಿನ್ನ ಪ್ರಾಕ್ಸಿ ನಾನು ಕೊಡ್ತೀನಿ," ಎಂದೆ, ವೈಸ್ ಚಾನ್ಸಲರ್ ಗತ್ತಿನಲ್ಲಿ.

ಬುಧವಾರ ಬೆಳಗ್ಗೆ ಏಳಕ್ಕೇ ಈರುಳ್ಳಿ ಮೂಟೆ ಹೇರಿಕೊಂಡು ಅನ್ನಪೂರ್ಣೇಶ್ವರಿ ನಗರದ ಛತ್ರ ಸೇರಿದೆ. ಹತ್ತೂವರೆಗೆ ನೆಂಟರು ಬಂದರು. ಪ್ರಶ್ನೆಗಳೂ ಬಂದವು.

"ಅಣ್ಣ, ಅತ್ತಿಗೆ ಎಲ್ಲಿ?" ಎಂದಳು ಅನು. ಅಡುಗೆ ಕಡೆ ಎಂದೆ.

"ಲತಾ ಎಲ್ಲೋದ್ಲು?" ಎಂದಳು ಅಮ್ಮ. ಕವನಾಗೆ ಹೂ ಮುಡಿಸ್ತಿದಾಳೆ ಎಂದೆ.

"ಎಲ್ಲಪ್ಪಾ ನಿಮ್ಮನೆಯವ್ರು?" ಎಂದರು ಹುಡುಗನ ತಾಯಿ ಗಂಗಲಕ್ಷ್ಮಮ್ಮ. ಎಲೆ ಸಾಲಲಿಲ್ಲ, ತರಕ್ಕೆ ಹೋದ್ಳು ಎಂದೆ. ಐದು ನಿಮಿಷ ಬಿಟ್ಟು ಮತ್ತೆ ಕೇಳಿದರು. ಎಲೆ ತಂದಿಟ್ಟು ವೀಳ್ಯದೆಲೆಗೆ ಹೋದ್ಳು ಎಂದೆ. ಹೀಗೆ ಲತಾ ಒಂದೇ ಹೊತ್ತಿಗೆ ಮೂರ್ನಾಲ್ಕು ಕಡೆ ಓಡಾಡತೊಡಗಿದಳು.

ಪಂಕ್ತಿ ಕೂತಿತು. ಸಾರಿನ ಬಕೆಟ್ ನಾನೇ ಹಿಡಿದೆ. "ಇನ್ನೊಂದು ತುಂಡು, ನನ್ನಾಣೆ" ಎಂದು ಆದಷ್ಟು ಸೋದರತ್ತೆಯ ರಾಗದಲ್ಲಿ ಬೇಡುತ್ತಾ ನಲವತ್ತು ಎಲೆ ದಾಟಿದೆ. ಸೊಂಟ ಬಿದ್ದುಹೋಯಿತು. ಗಂಗಲಕ್ಷ್ಮಮ್ಮ ಮಾತ್ರ ಕೈ ಕಟ್ಟಿ ಕೂತಿದ್ದರು.

"ನಿಮ್ಮನೆಯವ್ರು ಬಂದು ಹೇಳೋವರ್ಗೂ ನಾನು ಮುದ್ದೆ ಮುರಿಯಲ್ಲ."

"ಅವಳಿಗೆ ತಲೆಸುತ್ತು ಬಂದು ಮಲಗಿದಾಳೆ ಅಮ್ಮಾ," ಎಂದುಬಿಟ್ಟೆ.

"ಎಲ್ಲಿ?" ಎಂದಳು ಪಕ್ಕದ ಎಲೆಯಿಂದ ಅಮ್ಮ.

"ಮೇಲಿನ ರೂಮಲ್ಲಿ."

"ಈ ಛತ್ರಕ್ಕೆ ಮೇಲೇ ಇಲ್ಲ ಕಣ್ಲಾ."

ಇಡೀ ಪಂಕ್ತಿ ಮುದ್ದೆ ಬಿಟ್ಟು ನಕ್ಕಿತು. ಅಮ್ಮ ನಿಧಾನವಾಗಿ ಹೇಳಿದಳು: "ಅವಳು ನಂಗೆ ಮೊನ್ನೆನೇ ಹೇಳವ್ಳೆ. ಬೆಳಗ್ಗೆ ಮೊಸರು ಸಕ್ಕರೆ ತಿನ್ನಿಸಿ ಆಟೋ ಹತ್ತಿಸಿದ್ದೂ ನಾನೇ. ಸೊಸೆಗೆ ಇಂಟರ್ನಲ್ಸು, ತಪ್ಪಿಸಂಗಿಲ್ಲ ಅಂತ ಬೀಗಿತ್ತಿಗೂ ಫೋನ್ ಮಾಡಿದ್ದೆ."

"ಮತ್ತೆ ಎಲ್ಲಿ ಎಲ್ಲಿ ಅಂತ ಯಾಕಮ್ಮ ಕೇಳಿದ್ದು?"

"ಎಷ್ಟು ಸುಳ್ಳು ಹೇಳ್ತೀಯ ನೋಡೋಣ ಅಂತ."

"ಆರಾಯ್ತು," ಎಂದರು ಗಂಗಲಕ್ಷ್ಮಮ್ಮ, ಮಡಿಸಿದ್ದ ಬೆರಳು ಬಿಡಿಸಿ ಮುದ್ದೆಗೆ ಕೈ ಹಾಕುತ್ತಾ.

ನನಗೆ ರೇಗಿತು. "ಈ ವಯಸ್ಸಲ್ಲಿ ಕಾಲೇಜಂತೆ ಅಂತ ವರ್ಷವೆಲ್ಲ ಗೊಣಗಿದ್ಯಾರು?"

"ಗೊಣಗಿದ್ದು ಅವಳನ್ನಲ್ಲ, ನಿನ್ನ. ಓದಿಸ್ತೀನಿ ಅಂತ ಮಾತು ಕೊಟ್ಟು, ಅವಳಿಗೆ ಇಷ್ಟು ವಯಸ್ಸಾಗೋವರ್ಗೂ ಮನೇಲಿ ಕೂರಿಸ್ದಲ್ಲ."

ಇಪ್ಪತ್ತು ವರ್ಷ ನಾನದನ್ನು ಮರೆತೇ ಇದ್ದೆ. ಬಕೆಟ್ ಎತ್ತಿಕೊಂಡು ಮುಂದಿನ ಎಲೆಗೆ ಹೋದೆ.

ಒಂದೂವರೆಗೆ ಲತಾ ಬಂದಳು. ಪೇಪರ್ ಸುಲಭವಿತ್ತೆಂದು ಮುಖವೇ ಹೇಳುತ್ತಿತ್ತು. ಕೊನೆಯ ಪಂಕ್ತಿಯಲ್ಲಿ ಇಬ್ಬರೂ ಕೂತೆವು. ಆ ಹೊತ್ತಿಗೆ ಮಟನ್ ಖಾಲಿ, ನನಗೆ ಬರೀ ತಿಳಿಸಾರು. ಅವಳಿಗೆ ಮಾತ್ರ ಅಮ್ಮ ಡಬ್ಬಿ ತುಂಬ ಎತ್ತಿಟ್ಟಿದ್ದಳು. ಲತಾ ನನ್ನ ಎಲೆ ನೋಡಿ, ಒಂದು ತುಂಡು ಇತ್ತ ಹಾಕಿ, "ಗ್ರೇಸ್ ಮಾರ್ಕ್ಸು," ಎಂದಳು.

ಹೊರಡುವಾಗ ಗಂಗಲಕ್ಷ್ಮಮ್ಮ ಅಮ್ಮನ ಕೈ ಹಿಡಿದುಕೊಂಡರು. "ಮುಂದಿನ ತಿಂಗಳು ನನ್ನ ತಮ್ಮನ ಮಗಳ ಬೀಗರೂಟ. ಬಲವಂತ ಮಾಡಕ್ಕೆ ನಿಮ್ಮ ಮಗನ್ನೇ ಕಳಿಸ್ಕೊಡಿ. ನಮ್ಮಲ್ಲಿ ಯಾವ ಹೆಂಗಸೂ ಇಷ್ಟು ಚೆನ್ನಾಗಿ ಮಾಡಲ್ಲ."

"ಅದಕ್ಕೇನಂತೆ, ಕಳಿಸ್ತೀನಿ," ಎಂದಳು ಅಮ್ಮ, ನನ್ನನ್ನು ಒಂದು ಮಾತೂ ಕೇಳದೆ.