ಶಿವಕ್ಕನ ಪ್ರಶ್ನೆಗಳನ್ನು ಕತ್ತರಿಸಿದವರಿಗೆ

ಶ್ರೀಯುತ ಬಸವಕಿರಣ್ ಅವರಿಗೆ,
ನಿರ್ಮಾಪಕರು, ‘ಗಣಿತನಾದ’ ಬಾನುಲಿ ಪಾಠಮಾಲೆ,
ವಿಜಯನಗರ, ಬೆಂಗಳೂರು.

ಮಾನ್ಯರೇ,

ತಮಗೂ, ತಾವು ವಿರಾಜಮಾನರಾಗಿರುವ ಗಾಜಿನ ಕೋಣೆಗೂ, ತಮ್ಮ ತಲೆಯನ್ನು ಎರಡೂ ಕಿವಿಗಳ ಕಡೆಯಿಂದ ಅಪ್ಪಿಕೊಂಡಿರುವ ಹೆಡ್‌ಫೋನಿಗೂ ನಾಯಂಡಹಳ್ಳಿ ಕಡೆಯ ಪ್ರೌಢಶಾಲೆಯೊಂದರಲ್ಲಿ ಇಪ್ಪತ್ತಾರು ವರ್ಷಗಳಿಂದ ಗಣಿತ ಹೇಳಿಕೊಂಡು ಬಂದಿರುವ ವರಲಕ್ಷ್ಮಿಯ ಹೃತ್ಪೂರ್ವಕ ವಂದನೆಗಳು. ತಾವು ಕುಶಲವೆಂದು ನಂಬಿದ್ದೇನೆ. ನನ್ನ ಕುಶಲದ ಬಗ್ಗೆ ಸದ್ಯ ನನ್ನ ಮನೆಯಿರುವ ಇಡೀ ಬಸವೇಶ್ವರನಗರಕ್ಕೆ ಅನುಮಾನವಿದ್ದು, ಅದಕ್ಕೆ ತಾವೇ ಕಾರಣರಾದ್ದರಿಂದ ಈ ಪತ್ರವನ್ನು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ಹತ್ತನೇ ತರಗತಿಯ ಮಕ್ಕಳಿಗೆ ಪೈಥಾಗೊರಸ್ ಪ್ರಮೇಯವನ್ನು ಹದಿನೈದು ನಿಮಿಷಗಳಲ್ಲಿ, ರೇಡಿಯೊದಲ್ಲಿ, ಅಂದರೆ ಬೋರ್ಡಿಲ್ಲದೆ, ಚಿತ್ರವಿಲ್ಲದೆ, ಒಂದು ಗೆರೆಯನ್ನೂ ಎಳೆಯದೆ ಹೇಳಿಕೊಡಬೇಕೆಂದು ತಾವು ಆಹ್ವಾನ ಕಳಿಸಿದಾಗ ನನಗೆ ರೋಮಾಂಚನವಾಯಿತು. “ತ್ರಿಭುಜವನ್ನು ಧ್ವನಿಯಲ್ಲೇ ಬಿಡಿಸಿ” ಎಂಬ ತಮ್ಮ ಸೂಚನೆಯನ್ನು ನಾನು ಮೂರು ಸಲ ಓದಿದೆ. ಇಂಥ ದೂರದೃಷ್ಟಿಯುಳ್ಳವರು ಮುಂದೊಂದು ದಿನ ಈಜುವುದನ್ನು ಅಂಚೆಯ ಮೂಲಕ ಕಲಿಸುವರೆಂಬ ಭರವಸೆ ನನಗಾಗಲೇ ಮೂಡಿತ್ತು.

ಸೆಪ್ಟೆಂಬರಿನ ಆ ಬೆಳಿಗ್ಗೆ ಮೆಟ್ರೋ ಹಿಡಿದು ತಮ್ಮ ಸ್ಟುಡಿಯೊಗೆ ಬಂದೆ. ಗಂಜಿ ಹಾಕಿದ ಸೀರೆ ಸರಸರ ಎನ್ನುತ್ತದೆಂದು ತಾವು ನನಗೆ ಅಲುಗಾಡದಂತೆ ಹೇಳಿದಿರಿ. ಬಳೆ ತೆಗೆಸಿದಿರಿ. ಹಾಳೆ ತಿರುವಬಾರದೆಂದಿರಿ. ಎಂಜಲು ನುಂಗಿದ್ದೂ ಕೇಳಿಸುತ್ತಿದೆ ಎಂದಿರಿ. ನಾನು ಬಿಟ್ಟುಕೊಟ್ಟೆ, ಎಲ್ಲವನ್ನೂ ಬಿಟ್ಟುಕೊಟ್ಟೆ. ಆದರೆ ನನ್ನೆದುರು ಮನುಷ್ಯರೇ ಇಲ್ಲದಿದ್ದಾಗ ನನಗೆ ಪಾಠ ಬರುವುದಿಲ್ಲವೆಂಬ ಸಂಗತಿ ನನಗೂ ಅಂದೇ ಗೊತ್ತಾದದ್ದು. ನಲವತ್ತು ಮುಖಗಳಿದ್ದರೆ ಯಾವುದಕ್ಕೆ ಅರ್ಥವಾಗಿಲ್ಲವೆಂದು ನೋಡಿಯೇ ಹೇಳಬಲ್ಲೆ. ಆ ಮೈಕಿನ ಮುಖ ನೋಡಿದರೆ ಏನು ತಿಳಿಯುತ್ತದೆ? “ಲಂಬಕೋನ ತ್ರಿಭುಜದಲ್ಲಿ” ಎಂದು ಒಂಬತ್ತು ಸಲ ಆರಂಭಿಸಿ ಒಂಬತ್ತು ಸಲವೂ ತೊದಲಿದೆ. ಹೆಡ್‌ಫೋನಿನಲ್ಲಿ ಅಶರೀರವಾಣಿಯಂತೆ ತಮ್ಮ ದನಿ ಬಂತು: “ಮೇಡಂ, ಎಂಜಾಯ್ ಮಾಡ್ಕೊಂಡು ಹೇಳಿ.” ಆ ಸಲಹೆಗಾಗಿ ನಾನು ಚಿರಋಣಿ.

ಆಗ ಕಾಫಿ ಲೋಟ ತೆಗೆದುಕೊಳ್ಳಲು ಒಳಗೆ ಬಂದವರು ಶಿವಕ್ಕ. ತಮ್ಮ ಸ್ಟುಡಿಯೊವನ್ನು ಆರು ವರ್ಷಗಳಿಂದ ಗುಡಿಸಿ ಒರೆಸುತ್ತಿರುವ, ಕುರುಬರಹಳ್ಳಿಯಿಂದ ದಿನಾ ಏಳೂವರೆಗೆ ಬರುವ ಆ ಹೆಂಗಸಿನ ಹೆಸರು ತಮಗೆ ಗೊತ್ತಿರಲಾರದೆಂದು ವಿವರಿಸುತ್ತಿದ್ದೇನೆ. “ಐದು ನಿಮಿಷ ನನ್ನೆದುರಿಗೆ ಕೂತ್ಕೊಳ್ತೀರಾ?” ಎಂದೆ. “ನಾನಾ? ಲೆಕ್ಕದಲ್ಲೇ ಫೇಲಾಗಿ ಎಸ್ಸೆಸ್ಸೆಲ್ಸಿ ಬಿಟ್ಟೋಳು ಮೇಡಂ ನಾನು” ಎಂದರು. “ಹಾಗಾದ್ರೆ ನೀವೇ ಬೇಕು” ಎಂದೆ. ಕಮಕ್ ಕಿಮಕ್ ಅನ್ನಬಾರದೆಂಬ ಷರತ್ತಿನ ಮೇಲೆ ತಾವೂ ಒಪ್ಪಿದಿರಿ.

ಎದುರಿಗೊಂದು ಮುಖ ಬಂದದ್ದೇ ತಡ, ನನಗೆ ಮಾತು ಹರಿದು ಬಂತು. ಶಿವಕ್ಕ ಸೆರಗನ್ನು ಬಾಯಿಗೊತ್ತಿಕೊಂಡು ನಾಲ್ಕು ನಿಮಿಷ ತಡೆದರು. ವಿಕರ್ಣದ ಮೇಲಿನ ವರ್ಗವು ಉಳಿದೆರಡು ಬಾಹುಗಳ ಮೇಲಿನ ವರ್ಗಗಳ ಮೊತ್ತಕ್ಕೆ ಸಮ ಎಂದು ನಾನು ಹೇಳುತ್ತಿದ್ದಂತೆ ಅವರಿಂದ ಆಗಲಿಲ್ಲ.

“ಗೆರೆಗೂ ವರ್ಗ ಇರುತ್ತಾ ಮೇಡಂ? ಹಿಂದುಳಿದ ವರ್ಗ ಅಂತಾರಲ್ಲ, ಹಂಗಾ?”

ಇಪ್ಪತ್ತಾರು ವರ್ಷಗಳಲ್ಲಿ ಈ ಪ್ರಶ್ನೆಯನ್ನು ಯಾರೂ ನನಗೆ ಕೇಳಿರಲಿಲ್ಲ. ಕೇಳದೆ ಎಷ್ಟು ಮಕ್ಕಳು ಒಳಗೊಳಗೇ ಹೀಗೆ ಅಂದುಕೊಂಡು ಎದ್ದುಹೋದರೋ! ಆ ಗೆರೆಯನ್ನೇ ಒಂದು ಪಕ್ಕ ಮಾಡಿಕೊಂಡು ಚಚ್ಚೌಕ ಕಟ್ಟಬೇಕು, ಅಡಿಗೊಂದರಂತೆ ಚದರ ಕಲ್ಲು ಹಾಸಿದರೆ ಮೂರಡಿಯ ಚೌಕಕ್ಕೆ ಎಷ್ಟು ಕಲ್ಲು ಬೇಕೆಂದು ಕೇಳಿದೆ. “ಮೂರ್‌ಮೂರ್ಲಿ ಒಂಬತ್ತು.” ನಾಲ್ಕಡಿಗೆ? “ಹದಿನಾರು.” ಎರಡೂ ಸೇರಿಸಿ ಎಂದೆ. ಅವರು ಬೆರಳೆಣಿಸಿದರು.

“ಇಪ್ಪತ್ತೈದು... ಮೇಡಂ, ನಮ್ ಯಜಮಾನ್ರು ಗಾರೆ ಮೇಸ್ತ್ರಿ. ಪಾಯ ಹಾಕೋವಾಗ ಮೂಲೆ ಮಟ್ಟ ನೋಡಕ್ಕೆ ಈ ಕಡೆ ಮೂರಡಿ, ಆ ಕಡೆ ನಾಕಡಿ, ಅಡ್ಡ ಐದ್ ಬರ್ಬೇಕು ಅಂತಾರೆ. ಹದಿನೆಂಟ್ ವರ್ಷದಿಂದ ಆ ಟೇಪಿನ್ ತುದಿ ಹಿಡ್ಕೊಂಡಿರೋಳು ನಾನೇ. ಐದೈದ್ಲಿ ಇಪ್ಪತ್ತೈದು! ಇದೇನಾ ಅದು? ಅಯ್ಯೋ, ಇದು ನಂಗೆ ಗೊತ್ತಿತ್ತು ಕಣ್ರೀ ಮೇಡಂ!”

ಅಷ್ಟು ಹೇಳಿ ಅತ್ತೇಬಿಟ್ಟರು. ನನ್ನ ಕಣ್ಣೂ ತುಂಬಿತು. ಗಾಜಿನಾಚೆ ತಾವು ಹೆಬ್ಬೆರಳೆತ್ತಿ ತೋರಿಸಿದಿರಿ. ನಾನು ಅದನ್ನು ಮೆಚ್ಚುಗೆ ಎಂದು ಭಾವಿಸಿದೆ.

ಬುಧವಾರ ಬೆಳಿಗ್ಗೆ ಪ್ರಸಾರವೆಂದು ಶಿವಕ್ಕ ತಮ್ಮ ಬೀದಿಗೆಲ್ಲ ಸಾರಿದ್ದರು. ಮೇಸ್ತ್ರಿ ಹನುಮಂತಯ್ಯನವರು ಕೆಲಸಕ್ಕೆ ಅರ್ಧ ದಿನ ಚಕ್ಕರ್ ಹಾಕಿ, ಹೊಸ ಅಂಗಿ ತೊಟ್ಟು, ಮನೆಯ ಮುಂದೆ ಹದಿನಾಲ್ಕು ಜನರ ನಡುವೆ ಫೋನಿನಲ್ಲಿ ರೇಡಿಯೊ ಹಚ್ಚಿ ಕೂತಿದ್ದರು. ನಮ್ಮ ಶಾಲೆಯಲ್ಲಿ ಹತ್ತನೇ ತರಗತಿಯವರಿಗೆ ಸ್ಪೀಕರ್ ಇಡಲಾಗಿತ್ತು.

ಮಾನ್ಯರೇ, ತಮ್ಮ ಕತ್ತರಿಯ ಕೌಶಲ್ಯವನ್ನು ಏನೆಂದು ಹೊಗಳಲಿ? ಶಿವಕ್ಕನವರ ದನಿಯ ಒಂದು ಚೂರನ್ನೂ ಉಳಿಸದೆ, ಆದರೆ ಪಾಠ ಹದಿನೈದು ನಿಮಿಷಕ್ಕೆ ಒಂದು ಸೆಕೆಂಡೂ ಕಡಿಮೆಯಾಗಬಾರದೆಂದು ಆ ಜಾಗಗಳನ್ನು ಖಾಲಿ ಬಿಟ್ಟು, ನನ್ನ ಉತ್ತರಗಳನ್ನು ಮಾತ್ರ ನಾಡಿಗೆ ಅರ್ಪಿಸಿದಿರಿ. ಆದ್ದರಿಂದ ಕರ್ನಾಟಕದ ಜನತೆ ಅಂದು ಕೇಳಿದ್ದೇನೆಂದರೆ, ಗಣಿತದ ಶಿಕ್ಷಕಿಯೊಬ್ಬಳು ಏಕಾಏಕಿ ಮೌನವಾಗಿ, ನಂತರ ಜೋರಾಗಿ ನಕ್ಕು, “ಇಲ್ಲ ಇಲ್ಲ ಶಿವಕ್ಕ, ಹಿಂದುಳಿದ ವರ್ಗ ಅಲ್ಲ” ಎಂದದ್ದು. ಮತ್ತೆ ಮೌನ. “ಭೇಷ್!” ಮೌನ. “ಹ್ಞಾಂ, ಅದೇ, ಅದೇ, ಬಿಡಬೇಡಿ, ಬಿಡಬೇಡಿ!” ದೀರ್ಘ ಮೌನ. “ಅಯ್ಯೋ, ಯಾಕೆ ಅಳ್ತೀರಾ?” ಆಮೇಲೆ ವೀಣಾವಾದನ.

ನನ್ನ ಯಜಮಾನರು ಫೋನ್ ಮಾಡಿ ಬಹಳ ಮೆದುವಾಗಿ, “ಸ್ಕೂಲಿಂದ ಒಬ್ಳೇ ಬರ್ತೀಯೋ, ನಾನೇ ಬರ್ಲೋ?” ಎಂದು ಕೇಳಿದರು. ಮುಖ್ಯೋಪಾಧ್ಯಾಯರು ನನ್ನ ಗಳಿಕೆ ರಜೆ ಎಷ್ಟಿದೆಯೆಂದು ತಾವಾಗಿಯೇ ಲೆಕ್ಕ ಹಾಕಿ ತಿಳಿಸಿದರು. ಎದುರುಮನೆಯವರು ನಿಂಬೆಹಣ್ಣು ನಿವಾಳಿಸಿದರು. ಆದರೆ ಮಕ್ಕಳಿದ್ದಾರಲ್ಲ, ಅವರನ್ನು ತಾವೂ ನಾನೂ ಸೇರಿ ಹಾಳುಮಾಡಲಾಗುವುದಿಲ್ಲ. ಶಿವಕ್ಕ ಏನು ಕೇಳಿರಬಹುದೆಂದು ತರಗತಿಯಲ್ಲಿ ಜಗಳ ಶುರುವಾಯಿತು. ಹಿಂದಿನ ಬೆಂಚಿನ ಕವನಾ ಎಂಬ ಹುಡುಗಿ, ಜೂನ್‌ನಿಂದ ಬಾಯಿ ಬಿಡದಿದ್ದವಳು, ಎದ್ದು ನಿಂತು, “ವರ್ಗ ಅಂದ್ರೇನು ಅಂತ ಕೇಳಿರ್ತಾರೆ ಮಿಸ್. ನಂಗೂ ಗೊತ್ತಿಲ್ಲ” ಎಂದಳು. ಅಂದು ಎರಡು ಪೀರಿಯಡ್ ಪಾಠ ನಡೆಯಿತು. ಗಂಟೆ ಹೊಡೆದದ್ದು ಯಾರಿಗೂ ಕೇಳಿಸಲಿಲ್ಲ.

ಸಂಜೆ ಕುರುಬರಹಳ್ಳಿಗೆ ಹೋದೆ. ಶಿವಕ್ಕ ಬಾಗಿಲಲ್ಲೇ ಅಕ್ಕಿ ಆರಿಸುತ್ತ ಕೂತಿದ್ದರು; ತಲೆಯೆತ್ತಲಿಲ್ಲ. ಹದಿನಾಲ್ಕು ಜನ ಹದಿನೈದು ನಿಮಿಷ ಕಾದು, ಕೊನೆಗೆ “ಎಲ್ಲಮ್ಮಾ ನಿನ್ ವಾಯ್ಸು?” ಎಂದು ಕೇಳಿ ಎದ್ದುಹೋಗಿದ್ದರಂತೆ. ನಾನು ಕ್ಷಮೆ ಕೇಳಿದೆ. “ಬುಡಿ ಮೇಡಂ, ನಮ್ದೇನು ರೇಡಿಯೋಗ್ ಬರೋ ದನಿನಾ?” ಎಂದರು. ಈ ಒಂದು ವಾಕ್ಯದ ಬಗ್ಗೆ ನನಗೆ ಯಾವ ತಮಾಷೆಯೂ ತೋಚುತ್ತಿಲ್ಲ, ದಯವಿಟ್ಟು ಮನ್ನಿಸಿ.

ಹನುಮಂತಯ್ಯನವರು ಮಾತ್ರ ಸುಮ್ಮನಾಗಲಿಲ್ಲ. ನವೆಂಬರಿನಲ್ಲಿ ಅವರ ಬೀದಿಯ ರಾಜ್ಯೋತ್ಸವ. ಸಂಜೆ ಆರಕ್ಕೆ ಬರಬೇಕಿದ್ದ ಆರ್ಕೆಸ್ಟ್ರಾದವರ ವ್ಯಾನು ಮಾಗಡಿ ರಸ್ತೆಯ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡಿತು. ಜನ ಕುರ್ಚಿ ಬಿಟ್ಟು ಏಳತೊಡಗಿದಾಗ ಮೇಸ್ತ್ರಿಗಳು ಸೀದಾ ವೇದಿಕೆ ಹತ್ತಿ ಮೈಕಿಗೆ, “ಎಲ್ರೂ ಕೂತ್ಕೊಳಿ, ನಮ್ಮನೇವ್ರದೊಂದು ಪ್ರೋಗ್ರಾಂ ಐತೆ” ಎಂದುಬಿಟ್ಟರು. ಅತಿಥಿಯಾಗಿ ಕೂತಿದ್ದ ನನ್ನ ಕೈಗೂ ಒಂದು ಮೈಕು ಬಂತು. ಶಿವಕ್ಕ ಇನ್ನೊಂದು ಮೈಕಿನ ಮುಂದೆ ಬಂದು ನಿಂತರು. ನಾನು “ಲಂಬಕೋನ ತ್ರಿಭುಜದಲ್ಲಿ” ಎಂದೆ. ಅವರು ಸೆರಗು ಸಿಕ್ಕಿಸಿಕೊಂಡು, “ಅದೇನ್ ಮೇಡಂ ಲಂಬ? ಬಿಡಿಸಿ ಹೇಳಿ” ಎಂದರು. ಆ ದನಿ ನಾಲ್ಕು ಲೌಡ್‌ಸ್ಪೀಕರ್‌ಗಳಿಂದ ಹೊರಟು ಇತ್ತ ಮಹಾಲಕ್ಷ್ಮಿ ಲೇಔಟು, ಅತ್ತ ಬಸವೇಶ್ವರನಗರದವರೆಗೆ ಹೋಯಿತು.

ಎಂಥ ಪಾಠವದು! ಮುನ್ನೂರು ಜನ ಒಟ್ಟಿಗೆ “ಒಂಬತ್ತು!”, “ಹದಿನಾರು!” ಎಂದು ಕೂಗಿದರು. ಪಾನಿಪೂರಿಯವನು ಕೈಯಲ್ಲಿ ಪೂರಿ ಹಿಡಿದುಕೊಂಡೇ “ಇಪ್ಪತ್ತೈದು!” ಎಂದ. ಹನುಮಂತಯ್ಯನವರು ಟೇಪು ಬಿಚ್ಚಿ ವೇದಿಕೆಯ ಮೂಲೆಯನ್ನೇ ಅಳೆದರು. ಮೂರು, ನಾಲ್ಕು, ಅಡ್ಡ ಬಂದದ್ದು ಐದಡಿ ಎರಡಿಂಚು! ವೇದಿಕೆಯೇ ಸೊಟ್ಟ! ಶಾಮಿಯಾನದ ಕಂಟ್ರಾಕ್ಟರು ಟೇಪೇ ಸುಳ್ಳೆಂದರು, ಎರಡನೇ ಟೇಪು ಬಂತು, ಮೂರನೆಯದೂ ಬಂತು, ಜನ ಶಿಳ್ಳೆ ಹೊಡೆದರು. ಆರ್ಕೆಸ್ಟ್ರಾದವರು ಬಂದು ಇಪ್ಪತ್ತು ನಿಮಿಷ ಕೆಳಗೇ ನಿಂತಿದ್ದರು. ಯಾರೂ ಅವರನ್ನು ಹತ್ತಗೊಡಲಿಲ್ಲ. ಮಾರನೆಯ ದಿನದಿಂದ ಆ ಬೀದಿಯ ಹೆಂಗಸರಲ್ಲಿ ಇಬ್ಬರು ತಮ್ಮ ಮಕ್ಕಳ ಲೆಕ್ಕದ ಪುಸ್ತಕ ಹಿಡಿದು ಶಿವಕ್ಕನವರ ಮನೆಗೆ ಬರುತ್ತಿದ್ದಾರೆ. ಶಿವಕ್ಕ ನನಗೆ ಫೋನ್ ಮಾಡಿ, “ಮೇಡಂ, ಬೀಜಗಣಿತ ಅಂತ ಒಂದೈತಲ್ಲ, ಅದೇನು?” ಎಂದು ಕೇಳುತ್ತಾರೆ.

ಈ ನಡುವೆ ತಮ್ಮ ಪತ್ರ ಬಂದಿದೆ. ಪಾಠದ ನಡುವೆ ನಾನು ಬಿಟ್ಟ “ಚಿಂತನಶೀಲ ವಿರಾಮಗಳು” ಮೇಲಿನವರಿಗೆ ಬಹಳ ಹಿಡಿಸಿ, ಅದಕ್ಕೆ “ಮೌನಪ್ರಶ್ನಾ ವಿಧಾನ” ಎಂಬ ಹೆಸರಿಟ್ಟು, ಅದೇ ವಿಧಾನದಲ್ಲಿ ಇನ್ನೂ ಹನ್ನೆರಡು ಪಾಠಗಳನ್ನು ಮಾಡಿಕೊಡಬೇಕೆಂದು ಕೋರಿದ್ದೀರಿ. ಧನ್ಯಳಾದೆ. ಒಬ್ಬರ ಬಾಯಿ ಮುಚ್ಚಿಸಿದ್ದಕ್ಕೆ ಇಷ್ಟು ಸುಂದರವಾದ ಹೆಸರು ಸಿಗುತ್ತದೆಂದು ನನಗೆ ತಿಳಿದಿರಲಿಲ್ಲ.

ಖಂಡಿತ ಮಾಡಿಕೊಡುತ್ತೇನೆ. ನನ್ನ ಸಣ್ಣಪುಟ್ಟ ಕೋರಿಕೆಗಳಿಷ್ಟೇ: ಶಿವಕ್ಕನವರಿಗೆ ಒಂದು ಮೈಕು, ಒರಗಿ ಕೂರುವಂಥ ಒಂದು ಕುರ್ಚಿ, ಪಾಠದ ಆರಂಭದಲ್ಲಿ ನನ್ನ ಹೆಸರಿಗಿಂತ ಮೊದಲು ಅವರ ಹೆಸರು. ಮೊದಲ ಪಾಠದಿಂದ ಕತ್ತರಿಸಿ ಬಿಸಾಡಿದ ನಾಲ್ಕು ನಿಮಿಷಗಳನ್ನು ಕಂಪ್ಯೂಟರಿನ ಯಾವ ಮೂಲೆಯಲ್ಲಿದ್ದರೂ ಹುಡುಕಿ ತೆಗೆದು, ನ್ಯಾಯದ ಸಮತೋಲನಕ್ಕಾಗಿ ಒಂದು ಬುಧವಾರ ನನ್ನ ಉತ್ತರಗಳನ್ನೆಲ್ಲ ಅಳಿಸಿ ಅವರ ಪ್ರಶ್ನೆಗಳನ್ನಷ್ಟೇ ಪ್ರಸಾರ ಮಾಡಬೇಕು. ಉಳಿದ ಹನ್ನೊಂದು ನಿಮಿಷ ನಾಡಿನ ಗಣಿತ ಶಿಕ್ಷಕರೆಲ್ಲರೂ ಸುಮ್ಮನೆ ಕೂತು ಯೋಚಿಸಲಿ, ನಾನೂ ಕೂರುತ್ತೇನೆ. ಇದು ನಿಯಮಗಳಲ್ಲಿ ಸಾಧ್ಯವಿಲ್ಲವೆಂದಾದರೆ, ನಿಯಮ ಬರೆದವರನ್ನು ಮುಂದಿನ ರಾಜ್ಯೋತ್ಸವಕ್ಕೆ ಕುರುಬರಹಳ್ಳಿಗೆ ಕಳಿಸಿಕೊಡಿ, ಮುನ್ನೂರು ಜನರ ಮುಂದೆ ವಿವರಿಸಲಿ.

ತಮ್ಮ ವಿಶ್ವಾಸಿ, ಮತ್ತು ಸಂಪೂರ್ಣ ಸ್ವಸ್ಥಚಿತ್ತೆಯೂ ಆದ,
ವರಲಕ್ಷ್ಮಿ

ಮರೆತ ಮಾತು: ಶಿವಕ್ಕ ಬರುವ ಎಸ್ಸೆಸ್ಸೆಲ್ಸಿಗೆ ಖಾಸಗಿ ಅಭ್ಯರ್ಥಿಯಾಗಿ ಅರ್ಜಿ ತುಂಬಿದ್ದಾರೆ. ಪರೀಕ್ಷೆಯ ದಿನಗಳಿಗಾಗಿ ಅವರು ಬರೆದ ರಜೆಚೀಟಿಯನ್ನು ಇದರೊಂದಿಗೆ ಲಗತ್ತಿಸಿದ್ದೇನೆ. ಆ ದಿನಗಳಲ್ಲಿ ಪೊರಕೆ ಸ್ಟುಡಿಯೊದ ಹಿಂಬಾಗಿಲ ಮರೆಯಲ್ಲಿರುತ್ತದೆ. ಗುಡಿಸುವುದು ಹೇಗೆಂದು ತಿಳಿಯದಿದ್ದರೆ ತಾವು ಅವರನ್ನೇ ಕೇಳಬಹುದು. ಎಂಥ ಪ್ರಶ್ನೆಯಾದರೂ ಪೂರ್ತಿ ಕೇಳಿಸಿಕೊಂಡು ಉತ್ತರ ಹೇಳುತ್ತಾರೆ.