ನಲವತ್ತಮೂರು ಹಸಿರು ಚೀಟಿ

ಕೆಟ್ಟದ್ದನ್ನು ಕಂಡುಹಿಡಿಯುವುದಕ್ಕೇ ಸಂಬಳ ಪಡೆಯುವ ಮನುಷ್ಯ ನಾನು. ಪೀಣ್ಯದ ಕಾರ್ಖಾನೆಯೊಂದರಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಟರ್. ಪಾಸಾದ ಮಾಲಿಗೆ ಹಸಿರು ಚೀಟಿ. ಕೂದಲೆಳೆಯಷ್ಟು ತಪ್ಪಿದ ಬೋಲ್ಟಿಗೂ ಕೆಂಪು ಚೀಟಿ ಕಟ್ಟಿ ಮೂಲೆಗೆ ಕೂರಿಸುತ್ತೇನೆ. ಅಂಥವನ ಮನೆಯಲ್ಲೇ, ಮಾವ ಕೊಟ್ಟ ಬೈಕು ಆಯುಧಪೂಜೆಯ ಮಾರನೇ ದಿನ ಎರಡು ಸಲ ಕೆಮ್ಮಿ ಮೌನವ್ರತ ಹಿಡಿಯಿತೆಂದರೆ ಅದು ರಿಪೇರಿಯ ಪ್ರಶ್ನೆಯಲ್ಲ, ಮಾನದ ಪ್ರಶ್ನೆ. (ಬೈಕು ನನಗಿಂತ ಹದಿನೈದು ವರ್ಷ ಹಿರಿದು. ಬಹುವಚನದಲ್ಲಿ ಕರೆಯುವುದೇ ಲೇಸು.)

ಲಗ್ಗೆರೆಯ ಮಾವ ಯಂಕಪ್ಪನವರು ಕೊಡುವಾಗಲೇ ಹೇಳಿದ್ದರು: "ಇದು ನಿಂತ ದಿನ ಸಣ್ಣ ಅಳಿಯಗ ಕೊಡ್ತೀನಿ ನೋಡ್ರಿ." ಸಣ್ಣ ಅಳಿಯ ವಸಂತ್ ಬೆಳ್ಳಂದೂರಿನಲ್ಲಿ ಕಂಪ್ಯೂಟರ್ ಕುಟ್ಟುವವನು, ಸ್ಪ್ಯಾನರ್ ಕೊಟ್ಟರೆ ಪಾಸ್‌ವರ್ಡ್ ಏನು ಎಂದು ಕೇಳುವಂಥವನು. ಮಾವ ಭಾನುವಾರ ಸಂಜೆ ಬರುವವರಿದ್ದರು. ನಾನು ಬೆಳಿಗ್ಗೆಯೇ ಮನೆ ಮುಂದೆ ಪೇಪರ್ ಹಾಸಿ ಕೂತೆ.

"ಮೆಕ್ಯಾನಿಕ್ ಹತ್ರ ತಳ್ಕೊಂಡು ಹೋಗ್ಬಾರ್ದಾ?" ಎಂದಳು ಹೆಂಡತಿ ಶಾಂಭವಿ.

"ಮೆಕ್ಯಾನಿಕ್ ಊಹೆ ಮಾಡ್ತಾನೆ ಕಣೇ. ನಾನು ಮೂಲಕಾರಣ ಹಿಡೀತೀನಿ. 'ಯಾಕೆ' ಅಂತ ಐದು ಸಲ ಕೇಳಿದ್ರೆ ಎಂಥ ದೋಷವಾದ್ರೂ ಬಾಯ್ಬಿಡುತ್ತೆ." (ನಮ್ಮ ಕಾರ್ಖಾನೆಯಲ್ಲಿ ಐದನೇ 'ಯಾಕೆ'ಗೆ ಯಾವನಾದರೂ ಆಪರೇಟರ್ ಹೆಸರೇ ಉತ್ತರವಾಗಿ ಬರುತ್ತದೆ. ಆ ಮಾತು ಬಿಡಿ.)

"ಒಂದೇ ಕೈಗೆ ಗ್ಲೌಸ್ ಯಾಕೆ? ಇದು ಮೊದಲನೇ ಯಾಕೆ."

"ಇನ್ನೊಂದನ್ನ ನೀನು ಬಟ್ಟೆ ಒಗೆಯೋವಾಗ ಕಳೆದಿದೀಯ, ಅದಕ್ಕೆ."

"ರೀ, ಈ ಮನೇಲಿ ಬಟ್ಟೆ ಒಗೆಯೋದು ನೀವು!"

ಅಲ್ಪರೊಡನೆ ವಾದಿಸದೆ ಕೆಲಸಕ್ಕಿಳಿದೆ. ಸೈಲೆನ್ಸರನ್ನು ಬಿಚ್ಚಿ ಗೋಡೆಗೊರಗಿಸಿದೆ. ಹೊಗೆ ಹೋಗುವ ಬರೀ ಕೊಳವೆ. ಶಸ್ತ್ರಚಿಕಿತ್ಸಕರು ಅತ್ತ ತಲೆ ಹಾಕುವುದಿಲ್ಲ. ಎಂಜಿನ್ನಿನ ಹೆಡ್ ಎತ್ತಿದೆ, ಪಿಸ್ಟನ್ ಹೊರಗೆಳೆದೆ, ರಿಂಗು, ಬೇರಿಂಗು, ಗೇರು ಎಲ್ಲವನ್ನೂ ಸೀಮೆಎಣ್ಣೆಯಲ್ಲಿ ಮೀಯಿಸಿ, ಅಳೆದು, ಸರಿಯಿದ್ದುದಕ್ಕೆಲ್ಲ ಹಸಿರು ಚೀಟಿ ಕಟ್ಟಿದೆ. ನಾಲ್ಕು ಗಂಟೆಗೆ ಎಣಿಸಿದರೆ ಹಸಿರು ನಲವತ್ತಮೂರು, ಕೆಂಪು ಸೊನ್ನೆ. ಪ್ರತಿಯೊಂದು ಭಾಗವೂ ಪಾಸು. ಗಾಡಿ ಮಾತ್ರ ಫೇಲು.

"ಏನ್ರಿ ಅಳಿಯಂದ್ರ, ಬಂಡಿ ನೋಡೂಣಂತ ಬಂದ್ರ ಸಂತಿ ಹಾಸೀರಲ್ಲ!"

ಮಾವ! ನಾನು ಧೈರ್ಯಗೆಡಲಿಲ್ಲ. ಕ್ರ್ಯಾಂಕಿನ ಒಳಗಿನ ಅತಿಸೂಕ್ಷ್ಮ ವಕ್ರತೆ, ಅದನ್ನು ಅಳೆಯುವ ಯಂತ್ರ ಇಡೀ ಪೀಣ್ಯದಲ್ಲೇ ಇಲ್ಲದಿರುವುದು ಎಂದೆಲ್ಲ ಘನವಾಗಿ ವಿವರಿಸತೊಡಗಿದೆ. ಮಾವ ಕೇಳುತ್ತಲೇ ಸೈಲೆನ್ಸರನ್ನು ಎತ್ತಿ, ದುರ್ಬೀನಿನಂತೆ ಕಣ್ಣಿಗೆ ಹಿಡಿದು ಆಕಾಶ ನೋಡಿದರು.

"ಇದರಾಗ ಬೆಳಕೇ ಕಾಣವಲ್ದು. ಶಾಂಭವಿ, ಒಂದು ಕಡ್ಡಿ ತಾ ಬೇ."

ಕಡ್ಡಿ ತಿವಿದು ಎಳೆದಾಗ ಕರ್ರಗಿನ ಮುದ್ದೆಯೊಂದು ಹೊರಬಂತು. ಬಿಡಿಸಿದರೆ ಐದು ಬೆರಳು. ಮಣಿಕಟ್ಟಿನ ಮೇಲೆ, ಬೇರೆಯವರು ಕದಿಯಬಾರದೆಂದು ನಾನೇ ಮಾರ್ಕರಿನಲ್ಲಿ ಬರೆದ, ಕಾರ್ಖಾನೆಯ ನನ್ನ ಹಾಜರಿ ಸಂಖ್ಯೆ: 417.

ಪೂಜೆಗೆಂದು ಗಾಡಿ ತೊಳೆಯುವಾಗ ನೀರು ಒಳಗೆ ಹೋಗಬಾರದೆಂದು ತುರುಕಿದ್ದೆ. ನೀರು ಹೋಗಿರಲಿಲ್ಲ. ಹೊಗೆಯೂ ಬಂದಿರಲಿಲ್ಲ.

"ಐದನೇ ಯಾಕೆಗೆ ಉತ್ತರ ಸಿಕ್ತೇನ್ರೀ?" ಎಂದಳು ಶಾಂಭವಿ.

ದೀಪ ಹಚ್ಚುವ ಹೊತ್ತಿಗೆ ಮಾವ ಎಲ್ಲವನ್ನೂ ಜೋಡಿಸಿ ಒದ್ದರು. ಒಂದೇ ಒದೆ, ಗಾಡಿ ಗುಡುಗಿತು. ಕೀಲಿ ಹಿಡಿದು ನನ್ನತ್ತ ಬಂದರು. ಕೈ ಚಾಚಿದೆ.

"ವಸಂತಗೂ ಕೊಡಂಗಿಲ್ಲ, ತುರುಕಾಕ ಅಂವಂಗೂ ಎರಡು ಕೈ ಅದಾವು," ಎನ್ನುತ್ತ ನನ್ನನ್ನು ದಾಟಿ ಮಗಳ ಕೈಗಿಟ್ಟರು. "ನೀ ಇಟ್ಕೋ ಮಗಳ."

ಶಾಂಭವಿ ಗಾಡಿ ಹತ್ತುವ ಮೊದಲು, ಉಳಿದಿದ್ದ ಕೆಂಪು ಚೀಟಿಯೊಂದನ್ನು ತಂದು ನನ್ನ ಅಂಗಿಯ ಗುಂಡಿಗೆ ಕಟ್ಟಿದಳು.

"ರಿಜೆಕ್ಟ್ ಆದ ಮಾಲನ್ನ ನಿಮ್ ಕಂಪನೀಲಿ ಏನ್ಮಾಡ್ತಾರೆ?"

"ತಿದ್ದಿದ್ರೆ ಸರಿಹೋಗೋದಾದ್ರೆ ಇಟ್ಕೋತಾರೆ. ಇಲ್ಲಾಂದ್ರೆ ಗುಜರಿಗೆ," ಎಂದೆ ತಗ್ಗಿದ ದನಿಯಲ್ಲಿ.

ಅವಳು ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ತಪಾಸಣೆ ಮಾಡಿದಳು.

"ಹತ್ತಿ ಹಿಂದೆ. ಗ್ಲೌಸ್ ಎರಡೂ ಹಾಕ್ಕೊಂಡು, ಕೈ ಕಾಣೋ ಹಾಗೆ ಇಟ್ಕೊಳ್ಳಿ."